ಕಲ್ಲು, ಕುಂಕುಮ ಮತ್ತು ಅನಂತಮೂರ್ತಿ

ಕಳೆದ ಮಳೆಗಾಲದಲ್ಲಿ ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಹಾಗೇ ಉಳಿದುಬಿಟ್ಟಿದೆ. ದೇವರ ಪೆಟ್ಟಿಗೆಯಲ್ಲಿರುವ ಐದು ಸಾಲಿಗ್ರಾಮಗಳನ್ನು ಏನು ಮಾಡುವುದು?

ಮಲೆನಾಡಿನ ಕಡೆಯವರಿಗೆ ಇದರ ಕಷ್ಟ ಗೊತ್ತಿರುತ್ತೆ. ಸಾಲಿಗ್ರಾಮ ಮನೆಯಲ್ಲಿದ್ದರೆ ದಿನಾ ಪೂಜೆ ಆಗಬೇಕು, ಕೊನೇ ಪಕ್ಷ ಒಂದು ಉದ್ಧರಣೆ ನೀರಾದರೂ ಬೀಳಬೇಕು. ಅಮ್ಮ ಮುಟ್ಟುವ ಹಾಗಿಲ್ಲ, ನಮ್ಮಲ್ಲಿ ಹೆಂಗಸರು ಸಾಲಿಗ್ರಾಮ ಮುಟ್ಟುವುದಿಲ್ಲ. ಅಣ್ಣ ಪುಣೆಯಲ್ಲಿ. ನಾನು ಬೆಂಗಳೂರಿನಲ್ಲಿ, ಜನಿವಾರ ತೆಗೆದಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಸದ್ಯಕ್ಕೆ ಪಕ್ಕದ ಮನೆ ಭಟ್ಟರು ಬೆಳಿಗ್ಗೆ ಬಂದು ನೀರು ಹಾಕಿ ಹೋಗುತ್ತಾರೆ. ಅವರಿಗೂ ವಯಸ್ಸು ಎಪ್ಪತ್ತು ದಾಟಿದೆ. "ಮಠಕ್ಕೆ ಕೊಟ್ಟುಬಿಡಾಣ" ಅಂದ ಅಣ್ಣ. "ನೋಡಾಣ" ಅಂದರು ಅಮ್ಮ. ಕಲ್ಲು ತಾನೇ, ಕೊಟ್ಟರೇನು ಬಿಟ್ಟರೇನು ಅಂತ ನಾನು ಹೇಳಬೇಕಿತ್ತು. ನನ್ನ ಲೆಕ್ಕದಲ್ಲಿ ಅದು ಕಲ್ಲೇ. ಆದರೆ ಬಾಯಿ ಬರಲಿಲ್ಲ.

ಆ ಹದಿಮೂರು ದಿನಗಳಲ್ಲೇ ಅಟ್ಟದ ಮೇಲೆ ಏನೋ ಹುಡುಕುವಾಗ ನನ್ನ ಹಳೇ 'ಭಾರತೀಪುರ' ಸಿಕ್ಕಿತು. ಹಾಸ್ಟೆಲಿನಲ್ಲಿದ್ದಾಗ ಓದಿ, ಅಲ್ಲಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕಿ, ಅಂಚಿನಲ್ಲಿ "ಸರಿ!" ಅಂತೆಲ್ಲ ಬರೆದಿದ್ದೆ. ಈಗ ನೋಡಿದರೆ ನಗು ಬರುತ್ತೆ. ಆಗ ನನಗೆ ಎಲ್ಲವೂ ಸರಿ ಅನಿಸುತ್ತಿತ್ತು.

ಓದದೇ ಇರುವವರಿಗಾಗಿ ಎರಡು ಮಾತು. ಇಂಗ್ಲೆಂಡಿನಲ್ಲಿ ಓದಿ ಊರಿಗೆ ವಾಪಸಾದ ಜಗನ್ನಾಥ, ಊರಿನ ಮಂಜುನಾಥನ ದೇವಸ್ಥಾನಕ್ಕೆ ಹೊಲೆಯರನ್ನು ಕರೆದುಕೊಂಡು ಹೋಗಬೇಕು ಅಂತ ಹೊರಡುತ್ತಾನೆ. ಅದಕ್ಕೆ ಮುಂಚೆ ಒಂದು ಸಂಜೆ ತನ್ನ ಮನೆಯ ಸಾಲಿಗ್ರಾಮವನ್ನೇ ಅಂಗಳಕ್ಕೆ ತಂದು, ಅಂಗೈ ಮೇಲಿಟ್ಟು, ಮುಟ್ಟಿ ಅಂತ ಅವರ ಮುಂದೆ ಹಿಡಿಯುತ್ತಾನೆ. ಅವರು ಹಿಂದೆ ಸರಿಯುತ್ತಾರೆ. ಇವನು ಗೋಗರೆಯುತ್ತಾನೆ, ಆಮೇಲೆ ಸಿಟ್ಟಾಗುತ್ತಾನೆ, ಕೂಗುತ್ತಾನೆ. ಕಡೆಗೆ ಹೆದರಿ ಮುಟ್ಟಿದ ಹಾಗೆ ಮಾಡಿ ಹೋಗುತ್ತಾರೆ. ಜಗನ್ನಾಥ ಕಲ್ಲನ್ನು ಎಸೆದುಬಿಡುತ್ತಾನೆ. ಆಗ ಅವನಿಗೆ ಹೊಳೆಯುವುದು ಭಯಂಕರವಾದ ಸಂಗತಿ: ಅವರನ್ನು ದೂರ ಇಡುವ ಚಿಕ್ಕಿಯಾದರೂ ಮನುಷ್ಯಳಾಗಿ ಉಳಿದಿದ್ದಳು, ಆ ಹೊತ್ತಿನಲ್ಲಿ ತಾನು ಉಳಿಯಲಿಲ್ಲ.

ಕಲ್ಲು ಬರೀ ಕಲ್ಲು ಅಂತ ತೋರಿಸಲು ಹೊರಟವನ ಕೈಯಲ್ಲೇ ಆ ಕಲ್ಲು ಯಾವತ್ತೂ ಇಲ್ಲದಷ್ಟು ಭಾರವಾಗಿ ಕೂತುಬಿಟ್ಟಿತು. ಹಾಸ್ಟೆಲಿನಲ್ಲಿ ಓದಿದಾಗ ನನಗೆ ಇದು ಕಾಣಿಸಿರಲಿಲ್ಲ. ಆ ಪುಟದಲ್ಲೂ "ಸರಿ!" ಅಂತಲೇ ಬರೆದಿದ್ದೆ.

ಅಲ್ಲಿಂದ ಶುರುವಾಯಿತು ನೋಡಿ. 'ಸಂಸ್ಕಾರ', 'ಭಾರತೀಪುರ', 'ಬೆತ್ತಲೆ ಪೂಜೆ ಯಾಕೆ ಕೂಡದು', 'ಸುರಗಿ' ಎಲ್ಲವನ್ನೂ ಮತ್ತೆ ತಂದು ಓದಿದೆ. ಓದುತ್ತಾ ಓದುತ್ತಾ ಒಂದು ವಿಷಯ ಕಂಡಿತು. ಈ ಮನುಷ್ಯನ ಬರವಣಿಗೆಯುದ್ದಕ್ಕೂ ಒಂದು ಕಲ್ಲು ಹಿಂಬಾಲಿಸಿಕೊಂಡು ಬಂದಿದೆ. ಅದರ ಚರಿತ್ರೆಯನ್ನೇ ಬರೆಯೋಣ ಅನ್ನಿಸಿತು.

ಅನಂತಮೂರ್ತಿ ಹುಟ್ಟಿದ್ದು 1932ರ ಡಿಸೆಂಬರ್ 21ರಂದು, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ. ಸಂಸ್ಕೃತ ಪಾಠಶಾಲೆ, ಅಗ್ರಹಾರ, ಮಡಿ, ಸುತ್ತಲೂ ಕಾಡು, ಕಾಡಿನಲ್ಲಿ ಮರದ ಬುಡದಲ್ಲಿ ಭೂತದ ಕಲ್ಲುಗಳು. ನಮ್ಮೂರಲ್ಲೂ ಇದ್ದವು. ಆ ಕಲ್ಲಿನ ಹತ್ತಿರ ಹೋಗುವಾಗ ನಾವು ಉಗುಳುತ್ತಲೂ ಇರಲಿಲ್ಲ. ಹುಡುಗನಾಗಿದ್ದಾಗ ಅನಂತಮೂರ್ತಿ ಒಂದು ಪರೀಕ್ಷೆ ಮಾಡಿದ್ದರು. ಈ ಕಲ್ಲುಗಳಲ್ಲಿ ನಿಜವಾಗಿ ಭೂತ ಇದೆಯಾ ನೋಡಬೇಕು ಅಂತ ಕದ್ದು ಹೋಗಿ ಅವುಗಳ ಮೇಲೆ ಉಚ್ಚೆ ಹೊಯ್ದಿದ್ದರು. ಧೈರ್ಯದಿಂದ ಅಲ್ಲ, ಹೆದರಿಕೊಂಡು. ಏನೂ ಆಗಲಿಲ್ಲ. ಇದನ್ನು ಅವರೇ 1996ರಲ್ಲಿ ಬಂದ 'ಬೆತ್ತಲೆ ಪೂಜೆ ಯಾಕೆ ಕೂಡದು' ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಈ ಪ್ರಸಂಗ ಮುಂದೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಏನೂ ಆಗಲಿಲ್ಲ ಅನ್ನೋದೇ ನನಗೆ ಮುಖ್ಯ ಅನಿಸುವುದು. ದೇವರನ್ನು ಪೂರ್ತಿ ಬಿಟ್ಟವನು ಕಲ್ಲಿನ ಹತ್ತಿರ ಹೋಗುವುದೇ ಇಲ್ಲ, ಅವನಿಗೆ ಪರೀಕ್ಷೆ ಬೇಕಿಲ್ಲ. ಪೂರ್ತಿ ನಂಬಿದವನೂ ಹೋಗುವುದಿಲ್ಲ. ಪರೀಕ್ಷೆಗೆ ಹೋಗುವವನು ನಡುವೆ ಸಿಕ್ಕಿಹಾಕಿಕೊಂಡವನು. ಏನಾದರೂ ಆದರೆ ಭಯ. ಏನೂ ಆಗದಿದ್ದರೆ ಇನ್ನೂ ದೊಡ್ಡ ಭಯ, ಯಾಕಂದರೆ ಆಮೇಲೆ ಎಲ್ಲದಕ್ಕೂ ತಾನೇ ಜವಾಬ್ದಾರ.

1963ರಲ್ಲಿ ಅವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋದರು. ಸಂಶೋಧನೆಯ ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ಅಲ್ಲಿ ಒಂದು ದಿನ ಗುರುಗಳಾದ ಮ್ಯಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ 'ದ ಸೆವೆಂತ್ ಸೀಲ್' ಸಿನಿಮಾ ನೋಡಿದರು, ಸಬ್‌ಟೈಟಲ್ ಇಲ್ಲದೆ. ಭಾಷೆ ಪೂರ್ತಿ ಅರ್ಥವಾಗದ ಕಾರಣಕ್ಕೇ ಅದು ಇನ್ನೂ ಆಳಕ್ಕೆ ಇಳಿದಿರಬೇಕು. ಆ ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ: ಧರ್ಮಯುದ್ಧ ಮುಗಿಸಿ ಬಂದ ಯೋಧ, ಊರೆಲ್ಲ ಪ್ಲೇಗು, ಸಾವಿನ ಜೊತೆ ಚದುರಂಗ. ಆ ಯೋಧನಿಗೆ ನಂಬಿಕೆ ಸಾಕಾಗುವುದಿಲ್ಲ, ದೇವರಿದ್ದಾನೆ ಅನ್ನೋದು ಖಚಿತವಾಗಿ ಗೊತ್ತಾಗಬೇಕು. ಅವನೂ ಪರೀಕ್ಷೆಗೆ ಹೊರಟವನೇ!

ಸಿನಿಮಾ ಮುಗಿದ ಮೇಲೆ ಅನಂತಮೂರ್ತಿ ಬ್ರಾಡ್‌ಬರಿಗೆ ಹೇಳಿದ ಮಾತನ್ನು ಆಮೇಲೆ ಎಷ್ಟೋ ಕಡೆ ನೆನಪಿಸಿಕೊಂಡಿದ್ದಾರೆ. ಯುರೋಪಿನವನು ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ನಮಗೆ ಅದು ಇನ್ನೂ ಜೀವಂತವಾಗಿದೆ, ಬೇರೆ ಬೇರೆ ಕಾಲಗಳು ನಮ್ಮೊಳಗೆ ಒಟ್ಟಿಗೇ ಇವೆ ಅನ್ನೋ ಅರ್ಥದ ಮಾತು. ಹಾಗಿದ್ದರೆ ಅದನ್ನೇ ಬರಿ ಅಂದರಂತೆ ಬ್ರಾಡ್‌ಬರಿ. 1965ರಲ್ಲಿ 'ಸಂಸ್ಕಾರ' ಬಂತು. ಅದಕ್ಕೂ ಹಿಂದೆ ಒಂದು ಬಾಲ್ಯದ ನೆನಪಿತ್ತು. ಊರಿಗೆ ಪ್ಲೇಗು ಬಂದಾಗ ಅಗ್ರಹಾರದವರಿಗೆ ಚುಚ್ಚುಮದ್ದು ಹಾಕಿದರು, ಹೊಲೆಯರ ಕೇರಿಗೆ ಹಾಕಲಿಲ್ಲ. ಅಲ್ಲಿಯವರು ಸತ್ತರು. ಇದೆಲ್ಲ ಆ ಇಂಗ್ಲೆಂಡಿನ ಚಳಿಯಲ್ಲಿ ಕೂತಾಗ ಕನ್ನಡದಲ್ಲಿ ಎದ್ದುಬಂತು ಅನ್ನೋದು ವಿಚಿತ್ರ. ಹೊರದೇಶದಲ್ಲಿ ಕೂತು ಕನ್ನಡ ಬರೆಯುವವರು ನಮ್ಮ ನಿಮ್ಮ ನಡುವೆಯೂ ಇದ್ದಾರಲ್ಲ, ಅವರಿಗೆ ಇದು ನನಗಿಂತ ಚೆನ್ನಾಗಿ ಅರ್ಥವಾದೀತು.

'ಸಂಸ್ಕಾರ'ದಲ್ಲೂ ಕಲ್ಲು ಇದೆ, ಗಮನಿಸಿದ್ದೀರಾ? ನಾರಣಪ್ಪನ ಮೇಲೆ ಅಗ್ರಹಾರದವರು ಹೊರಿಸುವ ಅಪರಾಧಗಳಲ್ಲಿ ಒಂದು, ಅವನು ಸಾಲಿಗ್ರಾಮವನ್ನು ಹೊಳೆಗೆ ಎಸೆದು ಉಗುಳಿದ ಅನ್ನೋದು. ಇನ್ನೊಂದು ಗಣಪತಿ ದೇವಸ್ಥಾನದ ಹೊಂಡದ ಮೀನಿನದು. ಆ ಮೀನು ಹಿಡಿದವರು ರಕ್ತ ಕಾರಿ ಸಾಯುತ್ತಾರೆ ಅಂತ ನಂಬಿಕೆ. ನಾರಣಪ್ಪ ಮುಸಲ್ಮಾನ ಗೆಳೆಯರ ಜೊತೆ ಹೋಗಿ ಹಿಡಿದ. ಏನೂ ಆಗಲಿಲ್ಲ. ಮೇಳಿಗೆಯ ಹುಡುಗ ಇಲ್ಲಿ ದೊಡ್ಡವನಾಗಿ, ಹೆಂಡ ಕುಡಿದು, ಹೆದರಿಕೆ ಬಿಟ್ಟು ಬಂದ ಹಾಗಿದೆ.

ಆದರೆ ನಾರಣಪ್ಪ ಶಿವಮೊಗ್ಗೆಯಿಂದ ಜ್ವರ ಹತ್ತಿಸಿಕೊಂಡು ಬಂದು ಸತ್ತೇ ಹೋಗುತ್ತಾನೆ. ಕಾದಂಬರಿ ಶುರುವಾಗುವುದೇ ಆ ಸಾವಿನಿಂದ. ಅಗ್ರಹಾರದವರಿಗೆ ಅದು ದೇವರ ಶಿಕ್ಷೆ ಅನಿಸಿದರೆ ಆಶ್ಚರ್ಯವಿಲ್ಲ. ಓದುವ ನಮಗೆ ಇಲಿಗಳು ಸತ್ತು ಬೀಳುವುದು ಕಾಣಿಸುತ್ತಿರುತ್ತೆ, ಪ್ಲೇಗು ಅಂತ ಗೊತ್ತಿರುತ್ತೆ. ಹೆಣ ಸುಡುವವರು ಯಾರು, ಧರ್ಮಶಾಸ್ತ್ರ ಏನು ಹೇಳುತ್ತೆ ಅಂತ ಪ್ರಾಣೇಶಾಚಾರ್ಯರು ತಾಳೆಗರಿ ತಿರುವುತ್ತಾ ಕೂತಾಗ, ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾದಾಗ, ಕಲ್ಲು ಮತ್ತೆ ಸುಮ್ಮನಿರುತ್ತೆ. ನಾಸ್ತಿಕನನ್ನು ಹೊಡೆಯದ ಕಲ್ಲು ಆಸ್ತಿಕನಿಗೆ ಉತ್ತರವನ್ನೂ ಕೊಡುವುದಿಲ್ಲ. ಅಷ್ಟರಲ್ಲಿ ಚಂದ್ರಿ, ಅಹಮದ್ ಬ್ಯಾರಿಯ ಸಹಾಯದಿಂದ ರಾತ್ರೋರಾತ್ರಿ ಹೆಣ ಸುಟ್ಟು ಹೊರಟುಹೋಗಿರುತ್ತಾಳೆ. ಶಾಸ್ತ್ರದ ಚರ್ಚೆಯಲ್ಲಿ ಮುಳುಗಿದವರಿಗೆ ಯಾರಿಗೂ ಗೊತ್ತೇ ಇಲ್ಲ.

ಕಾದಂಬರಿ ಎಬ್ಬಿಸಿದ ಗಲಾಟೆ, 1970ರ ಸಿನಿಮಾ, ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ, ಲಂಕೇಶರ ನಾರಣಪ್ಪ, ಸೆನ್ಸಾರಿನವರು ಮೊದಲು ತಡೆ ಹಾಕಿದ್ದು, ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಪದಕ ಬಂದಿದ್ದು, ಇದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

'ಭಾರತೀಪುರ' ಬಂದಿದ್ದು 1973ರಲ್ಲಿ. ಆ ವರ್ಷವನ್ನು ಸ್ವಲ್ಪ ನೋಡಬೇಕು. ಅದೇ ನವೆಂಬರಿನಲ್ಲಿ ಮೈಸೂರಿನಲ್ಲಿ ಆಗಿನ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ರಾಜ್ಯವೇ ಹೊತ್ತಿಕೊಂಡಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ದಲಿತ ಹುಡುಗರು ಒಟ್ಟಾಗಲು ಅದೇ ನೆಪವಾಯಿತು. ದೇವನೂರ ಮಹಾದೇವರ ಮೊದಲ ಕಥಾಸಂಕಲನ 'ದ್ಯಾವನೂರು' ಬಂದಿದ್ದೂ 1973ರಲ್ಲೇ. ಎರಡು ವರ್ಷದಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು.

ಇದನ್ನು ಯಾಕೆ ಹೇಳಿದೆ ಅಂದರೆ, ಜಗನ್ನಾಥನ ಅಂಗಳದಲ್ಲಿ ನಿಂತ ಪಿಳ್ಳ ಮತ್ತು ಅವನ ಜೊತೆಯವರು ಆ ಸಾಲಿಗ್ರಾಮದ ಬಗ್ಗೆ ಏನು ಯೋಚಿಸಿದರು ಅನ್ನೋದು ಕಾದಂಬರಿಯಲ್ಲಿ ನಮಗೆ ಸಿಗುವುದಿಲ್ಲ. ಜಗನ್ನಾಥನ ಎದೆಯಲ್ಲಿ ಏನಾಯಿತು ಅನ್ನೋದು ಪುಟಗಟ್ಟಲೆ ಇದೆ. ಕಲ್ಲನ್ನು ಮುಟ್ಟಿಸುವುದು ಅವನ ಬಿಡುಗಡೆಗಾಗಿ. ಅವರಿಗೆ ಬೇಕಾಗಿದ್ದು ಬೇರೆ ಏನೋ ಇರಬಹುದು, ಜಮೀನು, ಕೂಲಿ, ಬಾವಿಯ ನೀರು. ಅನಂತಮೂರ್ತಿಯವರಿಗೆ ಇದು ಗೊತ್ತಿತ್ತು ಅಂತಲೇ ನನ್ನ ಅನಿಸಿಕೆ. ಗೊತ್ತಿಲ್ಲದಿದ್ದರೆ ಆ ಅಧ್ಯಾಯ ಅಷ್ಟು ಕ್ರೂರವಾಗಿ ತನ್ನ ನಾಯಕನನ್ನೇ ಬಯಲು ಮಾಡುತ್ತಿರಲಿಲ್ಲ. ಆದರೆ ಗೊತ್ತಿರುವುದು ಬೇರೆ, ಆ ಕಡೆಯಿಂದ ಬರೆಯುವುದು ಬೇರೆ. ಅದನ್ನು ಬರೆಯುವವರು ಅದೇ ವರ್ಷ ಬಂದರು. ಕೊನೆಯಲ್ಲಿ ದೇವಸ್ಥಾನ ಪ್ರವೇಶದ ಹಿಂದಿನ ರಾತ್ರಿ ಅರ್ಚಕರ ಮಗ ಗಣೇಶನೇ ಲಿಂಗವನ್ನು ಕಿತ್ತು ಹೊಳೆಗೆ ಹಾಕಿಬಿಡುತ್ತಾನೆ. ಹೊರಗಿನಿಂದ ಕ್ರಾಂತಿ ಮಾಡಲು ಬಂದವನ ಕೈಗೆ ಖಾಲಿ ಗರ್ಭಗುಡಿ. ಎರಡನೇ ಸಲ ಕಲ್ಲು ನೀರಿಗೆ ಬಿತ್ತು, ಅಥವಾ ಬೀಳಿಸಲ್ಪಟ್ಟಿತು. ಲೆಕ್ಕ ತಪ್ಪಿದ್ದರೆ ತಿದ್ದಿ.

ಇಲ್ಲಿಗೆ ಮುಗಿದಿದ್ದರೆ ಇದು ಒಬ್ಬ ನವ್ಯ ಲೇಖಕನ ನಾಸ್ತಿಕತೆಯ ಕಥೆ ಆಗುತ್ತಿತ್ತು. ಮುಗಿಯಲಿಲ್ಲ.

1986ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆ. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡ್ಡದ ದೇವಸ್ಥಾನಕ್ಕೆ ನಡೆಯುವ ಹರಕೆ ಅಲ್ಲಿತ್ತು. ಅದನ್ನು ತಡೆಯಲು ದಲಿತ ಸಂಘರ್ಷ ಸಮಿತಿಯವರು, ಪೊಲೀಸರು ಹೋದರು. ಭಕ್ತರ ಗುಂಪು ತಿರುಗಿಬಿತ್ತು. ಕಾರ್ಯಕರ್ತರಿಗೆ, ಪೊಲೀಸರಿಗೆ ಹೊಡೆದರು, ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ನಡೆಸಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಪ್ರಗತಿಪರರೆಲ್ಲ ಒಂದು ಕಡೆ ನಿಂತಾಗ ಅನಂತಮೂರ್ತಿ ಕೇಳಿದ ಪ್ರಶ್ನೆ, ಬೆತ್ತಲೆ ಪೂಜೆ ಯಾಕೆ ಕೂಡದು? ಬಹಳ ಜನಕ್ಕೆ ಇದು ದ್ರೋಹ ಅನ್ನಿಸಿತು. ಸಾಲಿಗ್ರಾಮ ಮುಟ್ಟಿಸಿದವನೇ ಈಗ ಆ ಕಡೆ ಹೋದ ಅಂತ.

ಆ ಪ್ರಬಂಧದಲ್ಲಿ ಮತ್ತೆ ಒಂದು ಕಲ್ಲು ಬರುತ್ತೆ. ಅವರ ಚಿತ್ರಕಾರ ಗೆಳೆಯರೊಬ್ಬರು ಹಳ್ಳಿಗಳಲ್ಲಿ ಜನಪದ ಕಲೆ ನೋಡುತ್ತಾ ತಿರುಗುವಾಗ ಒಬ್ಬ ರೈತನ ಗುಡಿಸಲಲ್ಲಿ ಕುಂಕುಮ ಹಚ್ಚಿ ಪೂಜೆ ಮಾಡುವ ಕಲ್ಲು ಕಂಡರು. ಒಳಗೆ ಬೆಳಕು ಸಾಲದು, ಫೋಟೋ ತೆಗೆಯಲು ಹೊರಗೆ ತರಬಹುದಾ ಅಂತ ಕೇಳಿದರು. ರೈತ ಒಪ್ಪಿದ. ಫೋಟೋ ಆದ ಮೇಲೆ ಇವರಿಗೆ ಅಳುಕು: ದೇವರನ್ನು ಮೈಲಿಗೆ ಮಾಡಿದೆನೇನೋ ಅಂತ. ಕ್ಷಮೆ ಕೇಳಿದರು. ಪರವಾಗಿಲ್ಲ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚುತ್ತೇನೆ ಅನ್ನೋ ಅರ್ಥದಲ್ಲಿ ರೈತ ಹೇಳಿದನಂತೆ.

ಇದನ್ನು ಓದಿ ನಾನು ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಹೊರಗೆ ಕೂತೆ. ಜಗನ್ನಾಥನಿಗೆ ಕಲ್ಲನ್ನು ಬಿಡಲು ಒಂದು ಕಾದಂಬರಿಯಷ್ಟು ಸಂಕಟ ಬೇಕಾಯಿತು. ಈ ರೈತನಿಗೆ ಒಂದು ಮಾತು ಸಾಕು. ಕಲ್ಲಿನಿಂದ ಹೆಚ್ಚು ಬಿಡುಗಡೆ ಆದವನು ಯಾರು? ದೇವರು ಕಲ್ಲಿನಲ್ಲಿಲ್ಲ, ಕುಂಕುಮ ಹಚ್ಚುವ ಕೈಯಲ್ಲಿ ಅಂತ ಅವನಿಗೆ ಮೊದಲಿನಿಂದ ಗೊತ್ತು, ಅದಕ್ಕಾಗಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಬೇಕಾಗಿಲ್ಲ. ವಿಚಾರವಾದಿಯಾಗಿ ತಾನು ಯಾರ ಮೂಢನಂಬಿಕೆಯನ್ನು ಕೀಳಲು ಹೊರಟಿದ್ದೆನೋ ಅವನು ತನಗಿಂತ ಹಗುರವಾಗಿ ಬದುಕುತ್ತಿದ್ದಾನಲ್ಲ ಅನ್ನೋ ತಳಮಳ ಆ ಬರಹದಲ್ಲಿದೆ.

ಒಪ್ಪಬೇಕಾದ ತಳಮಳ. ಆದರೂ ನನಗೆ ಒಂದು ತಕರಾರಿದೆ. ರೈತನ ಕಲ್ಲು ಮತ್ತು ಚಂದ್ರಗುತ್ತಿ ಒಂದೇ ಅಲ್ಲ. ರೈತ ತನ್ನ ಕಲ್ಲನ್ನು ತಾನೇ ಬದಲಾಯಿಸಬಲ್ಲ. ಹರಕೆ ಹೊತ್ತ ಹೆಣ್ಣುಮಗಳು, ಈ ವರ್ಷ ಬೇಡ, ಸೀರೆ ಉಟ್ಟುಕೊಂಡೇ ಬರುತ್ತೇನೆ ಅಂತ ದೇವಿಗೆ ಹೇಳಬಲ್ಲಳಾ? ಮನೆಯವರು ಬಿಡುತ್ತಾರಾ? ಗುಡ್ಡದ ದಾರಿಯಲ್ಲಿ ನೋಡಲು ನಿಂತ ಗಂಡಸರಲ್ಲಿ ಎಷ್ಟು ಜನ ಭಕ್ತರು? ಭಾರತೀಪುರದ ಪಿಳ್ಳನನ್ನು ಕೇಳದ ಹಾಗೆ ಇಲ್ಲೂ ಅವಳನ್ನು ಯಾರೂ ಕೇಳಿಲ್ಲ. ನನ್ನನ್ನೇ ಕೇಳಿದರೆ ನಿಷೇಧ ಸರಿ. ಪ್ರಶ್ನೆಯೂ ಸರಿ. ಎರಡೂ ಒಟ್ಟಿಗೆ ಹೇಗೆ ಸರಿ ಅಂತ ನೀವು ಕಾಮೆಂಟಿನಲ್ಲಿ ಜಗಳ ಆಡಬಹುದು, ಬೇಜಾರಿಲ್ಲ.

ಇನ್ನೊಂದು ಮಾತು. ಅವರನ್ನು ಎರಡು ನಾಲಗೆಯವರು ಅಂತ ಬೈಯುವವರನ್ನು ಬಹಳ ಕೇಳಿದ್ದೇನೆ, ನಾನೂ ಒಂದು ಕಾಲದಲ್ಲಿ ಬೈದವನೇ. ಈಗ ಹಾಗನ್ನಿಸುವುದಿಲ್ಲ. ಗುರುವಿನಂತೆ ಕಂಡ ಗೋಪಾಲಕೃಷ್ಣ ಅಡಿಗರು 1971ರಲ್ಲಿ ಜನಸಂಘದಿಂದ ಲೋಕಸಭೆಗೆ ನಿಂತಾಗ ಲೋಹಿಯಾವಾದಿ ಅನಂತಮೂರ್ತಿಗೆ ಅದು ಒಪ್ಪಿಗೆಯಾಗುವ ಮಾತಲ್ಲ. ಆದರೂ ಅಡಿಗರ ಕಾವ್ಯವನ್ನು ಅವರು ಬಿಟ್ಟುಕೊಡಲಿಲ್ಲ. ತನ್ನ ವಿರುದ್ಧ ಇರುವುದನ್ನೂ ತನ್ನೊಳಗೇ ಇಟ್ಟುಕೊಂಡು ಜಗಳ ಆಡುವ ಗುಣ ಅದು. ಮಾತಿನ ಮಲ್ಲ ಅನ್ನಿ, ಪರವಾಗಿಲ್ಲ. ತಪ್ಪಿಸಿಕೊಂಡರು ಅನ್ನಬೇಡಿ.

2014ರ ಜೂನ್‌ನಲ್ಲಿ, ಮೂಢನಂಬಿಕೆ ವಿರೋಧಿ ಮಸೂದೆಯ ಬಗ್ಗೆ ಬೆಂಗಳೂರಿನಲ್ಲಿ ನಡೆದ ಸಭೆಯೊಂದರಲ್ಲಿ ಎಂ.ಎಂ. ಕಲಬುರ್ಗಿಯವರು ಆ ಹಳೇ ಭೂತದ ಕಲ್ಲಿನ ಪ್ರಸಂಗವನ್ನು ಉದಾಹರಿಸಿದರು. ಅಷ್ಟೇ. ದೂರು, ಪ್ರತಿಭಟನೆ, ಧಾರವಾಡದ ಅವರ ಮನೆ ಮೇಲೆ ಕಲ್ಲು ತೂರಾಟ. ಇಷ್ಟು ವರ್ಷ ಸುಮ್ಮನಿದ್ದ ಕಲ್ಲು ಈಗ ಮನುಷ್ಯರ ಕೈಯಿಂದ ಹಾರಿ ಬಂತು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ಒಂದು ಉದಾಹರಣೆಯಿಂದಲೇ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಹೆದರುತ್ತಾ ಪರೀಕ್ಷೆ ಮಾಡಿದ ಆ ಹುಡುಗನಿಗೆ ಏನೂ ಆಗಿರಲಿಲ್ಲ ಅನ್ನೋದು ಮಾತ್ರ ಮತ್ತೆ ಮತ್ತೆ ನೆನಪಾಗುತ್ತೆ.

ಅನಂತಮೂರ್ತಿ ಅದನ್ನು ನೋಡಲು ಇರಲಿಲ್ಲ. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಬರೆದರು. ಜ.ನಾ. ತೇಜಶ್ರೀ ನಿರೂಪಿಸಿದ ಆತ್ಮಕಥನ 'ಸುರಗಿ' 2012ರಲ್ಲಿ ಬಂತು. ಒಣಗಿದ ಮೇಲೂ ಪರಿಮಳ ಬಿಡದ ಹೂವು ಅದು, ನಮ್ಮಮ್ಮ ಈಗಲೂ ಪೆಟ್ಟಿಗೆಯ ಸೀರೆಗಳ ನಡುವೆ ಇಡುತ್ತಾರೆ. 2014ರ ಆಗಸ್ಟ್ 22ರಂದು ಅವರು ತೀರಿಕೊಂಡರು. ಮರುದಿನ ಬೆಂಗಳೂರಿನ ಕಲಾಗ್ರಾಮದಲ್ಲಿ ಸರ್ಕಾರಿ ಗೌರವದೊಂದಿಗೆ, ವೈದಿಕ ವಿಧಿಯಂತೆ ಅಂತ್ಯಕ್ರಿಯೆ ನಡೆಯಿತು. 'ಸಂಸ್ಕಾರ' ಬರೆದವರಿಗೆ ಇಂಥ ಸಂಸ್ಕಾರವಾ ಅಂತ ಆಗ ಬಹಳ ಜನ ಆಡಿಕೊಂಡರು. ನಾನೂ ಆಫೀಸಿನಲ್ಲಿ ಚಹಾ ಕುಡಿಯುತ್ತಾ ಆಡಿಕೊಂಡಿದ್ದೆ. ಈಗ ಅಪ್ಪನ ಹದಿಮೂರು ದಿನ ದರ್ಭೆ ಹಿಡಿದು ಕೂತು ಎದ್ದ ಮೇಲೆ ಆ ಮಾತು ವಾಪಸ್ ತೆಗೆದುಕೊಳ್ಳಬೇಕು ಅನ್ನಿಸುತ್ತೆ. ಸತ್ತವನ ನಂಬಿಕೆಗೂ ಸುಡುವವರ ಅಗತ್ಯಕ್ಕೂ ನಡುವೆ ಏನಿದೆ ಅಂತ ಕಾದಂಬರಿಯಲ್ಲೇ ಕೇಳಿದ್ದರಲ್ಲ. ನಾರಣಪ್ಪ ಬ್ರಾಹ್ಮಣ್ಯ ಬಿಟ್ಟರೂ ಬ್ರಾಹ್ಮಣ್ಯ ಅವನನ್ನು ಬಿಡಲಿಲ್ಲ ಅನ್ನೋದೇ ಅಲ್ಲವಾ ಪ್ರಾಣೇಶಾಚಾರ್ಯರ ತಲೆನೋವು.

ಹೋದ ತಿಂಗಳು ಭಟ್ಟರಿಗೆ ಮಂಡಿನೋವು ಜಾಸ್ತಿಯಾಯಿತು. ಮಠಕ್ಕೆ ಕೊಡುವ ಮಾತು ಮತ್ತೆ ಬಂತು. ನಾನು ಏನೋ ಧೈರ್ಯ ಮಾಡಿ, "ಅಮ್ಮ, ನೀನೇ ಹಾಕು ನೀರು" ಅಂದೆ. ಅಮ್ಮ ನನ್ನನ್ನು ಒಂಥರಾ ನೋಡಿದರು. ಅಂಗೈಯಲ್ಲಿ ಕಲ್ಲು ಹಿಡಿದು ಮುಟ್ಟಿ ಅಂತ ಕೂಗಿದ ಜಗನ್ನಾಥ ನೆನಪಾಗಿ ನಾನು ಅಲ್ಲಿಗೇ ನಿಲ್ಲಿಸಿದೆ. ಪೆಟ್ಟಿಗೆಯನ್ನು ಬೆಂಗಳೂರಿಗೆ ತಂದೆ. ಪುಸ್ತಕದ ಕಪಾಟಿನ ಮೇಲಿದೆ, ಪಕ್ಕದಲ್ಲಿ ತಾಮ್ರದ ಒಂದು ಲೋಟ.

ಮೊನ್ನೆ ರಾತ್ರಿ ಅಮ್ಮ ಫೋನ್ ಮಾಡಿದಾಗ ಅಕ್ಕಿ, ಅಡಿಕೆ ರೇಟು ಎಲ್ಲ ಮಾತಾಡಿ ಕೊನೆಗೆ ಕೇಳಿದರು. "ನೀರು ಹಾಕಿದ್ಯೇನೋ?"

"ಹೂಂ, ಹಾಕಿದೆ" ಅಂದೆ. ಹಾಕಿರಲಿಲ್ಲ. ಫೋನಿಟ್ಟು ಎದ್ದು ಹೋಗಿ ಹಾಕಿ ಬಂದೆ.